ಹಳ್ಳ ಇಳಿಯುವ ತನಕ

ನಮ್ಮ ಚಿಗವ್ವನ ಕಚೇರಿಗೆ ಬರುವವರಲ್ಲಿ ಅರ್ಧ ಜನ ಹಾಡಿಗೆ ಬರುತ್ತಿರಲಿಲ್ಲ, ಕಥೆಗೆ ಬರುತ್ತಿದ್ದರು. ಚಿಗವ್ವ ಅಂದರೆ ನಮ್ಮ ಅವ್ವನ ತಂಗಿ. ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಸಂಗೀತ ಕಲಿಸಿ ನಿವೃತ್ತಳಾದವಳು. ನಾನು ಸಿಂಧನೂರಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ರಜೆಯ ದಿನ ಅವಳ ಪಕ್ಕ ಕೂತು ಹಾರ್ಮೋನಿಯಂ ನುಡಿಸುತ್ತೇನೆ. ನಮ್ಮ ಕಡೆ ಹಿಂದುಸ್ತಾನಿ ಸಂಗೀತಕ್ಕೆ ಜನ ಮರ್ಯಾದೆಗೆ ಸ್ವಲ್ಪ ಹೊತ್ತು ಕೂತು, ಆಮೇಲೆ ಮೆಲ್ಲಗೆ ಚಪ್ಪಲಿ ಹುಡುಕುತ್ತಾರೆ. ಅವರನ್ನು ಹಿಡಿದು ಕೂರಿಸಲು ಚಿಗವ್ವ ಒಂದು ದಾರಿ ಕಂಡುಕೊಂಡಿದ್ದಳು. ರಾಗದಲ್ಲಿ ಕಟ್ಟಿದ ಪುಟ್ಟ ಹಾಡಿಗೆ ನಾವು ಚೀಜು ಅನ್ನುತ್ತೇವೆ. ಒಂದೊಂದು ಚೀಜು ಹಾಡುವ ಮೊದಲು ಅದನ್ನು ಯಾರು ಕಟ್ಟಿದರು, ಯಾವ ಸಂಕಟದಲ್ಲಿ, ಯಾವ ಖುಷಿಯಲ್ಲಿ ಕಟ್ಟಿದರು ಅನ್ನುವುದನ್ನು ಮನೆಯ ಕಟ್ಟೆಯ ಮೇಲೆ ಕೂತು ಹೇಳಿದ ಹಾಗೆ ಹೇಳುತ್ತಿದ್ದಳು.

ಅವುಗಳಲ್ಲಿ ಎಲ್ಲರೂ ಕಾಯುತ್ತಿದ್ದದ್ದು ಹಳ್ಳದ ಕಥೆಗೆ. ಅದು ಅವಳ ಮಾಸ್ತರರ ಕಥೆ. ಮಾಸ್ತರರು ಮಸ್ಕಿಯವರು. ಹರೆಯದಲ್ಲಿ ತುಂಬು ಬಸುರಿ ಹೆಂಡತಿಯನ್ನು ಚಕ್ಕಡಿಯಲ್ಲಿ ಕೂರಿಸಿಕೊಂಡು ತುರ್ವಿಹಾಳದ ಕಡೆಯ ಒಂದು ಮದುವೆಯಿಂದ ಊರಿಗೆ ಮರಳುತ್ತಿದ್ದರಂತೆ. ದಾರಿಯಲ್ಲಿ ಹಳ್ಳ ತುಂಬಿ ಬಂದಿತ್ತು. ದಂಡೆಯಲ್ಲೇ ಹೆಂಡತಿಗೆ ಬೇನೆ ಶುರುವಾಯಿತು. ಸೂಲಗಿತ್ತಿ ಇದ್ದದ್ದು ಆಚೆ ದಂಡೆಗೆ. ಮಾಸ್ತರರು ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಉಸಿರನ್ನೇ ಬೇಡಿಕೊಂಡರಂತೆ: ‘ನಿಲ್ಲು, ಹಳ್ಳ ಇಳಿಯುವ ತನಕ ನಿಲ್ಲು’. ಹಳ್ಳ ಇಳಿಯುವ ಮೊದಲೇ ಅವಳು ಹೋದಳು. ಆ ಮಾತೇ ಆಮೇಲೆ ಮಾರವಾ ರಾಗದ ಚೀಜಾಯಿತು.

ಚಿಗವ್ವ ಇದನ್ನು ಹೇಳಿ ಮುಗಿಸುವಾಗ ಹೆಂಗಸರ ಕಡೆಯಿಂದ ಮೂಗು ಏರಿಸುವ ಸದ್ದು ಕೇಳಿಯೇ ನಾನು ಹಾರ್ಮೋನಿಯಮ್ಮಿನ ತಿದಿ ಎಳೆಯುತ್ತಿದ್ದೆ. ಮಾರವಾ ಹೊತ್ತು ಮುಳುಗುವ ವೇಳೆಯ ರಾಗ. ಮೂಲಸ್ವರವಾದ ಷಡ್ಜಕ್ಕೆ ಬಂದು ಕೂತರೆ ಎಲ್ಲ ರಾಗಗಳಿಗೂ ನೆಮ್ಮದಿ. ಮಾರವಾ ಮಾತ್ರ ಷಡ್ಜದ ಅಂಗಳದ ತನಕ ಬಂದು ಒಳಗೆ ಕಾಲಿಡದೆ ಸುತ್ತುತ್ತದೆ. ಆ ಕಥೆಗೆ ಆ ರಾಗ ಹೇಳಿ ಮಾಡಿಸಿದಂತಿತ್ತು.

ಮಾಸ್ತರರು ಆಮೇಲೆ ಮಸ್ಕಿಯಲ್ಲಿ ನಿಲ್ಲದೆ ಗದಗಿನ ಕಡೆ ಬಹಳ ವರ್ಷ ಇದ್ದು, ನಡುವಯಸ್ಸು ದಾಟಿದ ಮೇಲೆ ಒಬ್ಬರೇ ಲಿಂಗಸುಗೂರಿಗೆ ಬಂದು ನೆಲೆಸಿದವರು. ಆಗಷ್ಟೇ ನೌಕರಿಗೆ ಸೇರಿದ್ದ ಚಿಗವ್ವ ಅವರ ಹತ್ತಿರ ಕಲಿತಳು. ಅವರು ತೀರಿಕೊಂಡ ಮೇಲೆ ಮಸ್ಕಿಯ ಕೆಲವು ಅಭಿಮಾನಿಗಳು ಸೇರಿ ಅವರ ನೆನಪಿನ ಕಾರ್ಯಕ್ರಮವೊಂದನ್ನು ಇಟ್ಟುಕೊಂಡರು. ಮಾಸ್ತರರ ದೊಡ್ಡ ಫೋಟೋ ಅನಾವರಣ, ಆಮೇಲೆ ಚಿಗವ್ವನ ಗಾಯನ. ಅದಕ್ಕೆ ಸ್ವಲ್ಪ ಮೊದಲು ಸಿಂಧನೂರಿನಲ್ಲಿ ಅವಳು ಹಳ್ಳದ ಕಥೆ ಹೇಳಿದ್ದನ್ನು ಯಾರೋ ಫೋನಿನಲ್ಲಿ ಹಿಡಿದು ಹಂಚಿದ್ದರು. ಅದು ಊರೂರು ತಿರುಗಿ, ನೋಡಿದವರೆಲ್ಲ ಕಣ್ಣೀರಿನ ಚಿತ್ರ ಹಾಕಿ ಮುಂದಕ್ಕೆ ದಾಟಿಸಿದ್ದರು.

ಕಾರ್ಯಕ್ರಮದ ದಿನ ನಾನು ಸಿಂಧನೂರಿನಿಂದ ಬಸ್ಸಿನಲ್ಲಿ ಮಸ್ಕಿಗೆ ಹೋದೆ. ಚಿಗವ್ವ ಲಿಂಗಸುಗೂರಿನಿಂದ ಬಂದಿದ್ದಳು. ಸಮುದಾಯ ಭವನದ ಹಿಂದಿನ ಒಂದು ಕೋಣೆಯನ್ನು ನಮಗೆ ಬಿಟ್ಟುಕೊಟ್ಟಿದ್ದರು. ಕಾರ್ಯಕ್ರಮ ನಡೆಸುತ್ತಿದ್ದ ಹಿರಿಯರು ಒಳ್ಳೆಯ ಮನುಷ್ಯ. ಮಾಸ್ತರರನ್ನು ಎಳವೆಯಿಂದ ದೇವರಂತೆ ಕಂಡವರು. ಚಹಾ ತರಿಸಿ ಕೊಟ್ಟು, “ಅಕ್ಕೋರ, ಬ್ಯಾರೆ ಏನ್ ಬಿಟ್ರೂ ನಡೀತೈತ್ರಿ, ಹಳ್ಳದ ಕಥಿ ಬಿಡಬ್ಯಾಡ್ರಿ. ಅದಕ್ಕಂತನ ಮಂದಿ ಬಂದಾರ,” ಅಂದು ಹೋದರು.

ನಾನು ತಂಬೂರಿ ಶ್ರುತಿ ಮಾಡುತ್ತಿದ್ದೆ. ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಅರವತ್ತರ ಆಸುಪಾಸಿನ ವಯಸ್ಸು, ಇಳಕಲ್ ಸೀರೆ, ಗಟ್ಟಿ ಮೈಕಟ್ಟು. ನಮಸ್ಕಾರ ಮಾಡಲಿಲ್ಲ.

“ಹಳ್ಳದ ಕಥಿ ಹೇಳೋ ಅಕ್ಕೋರು ನೀವೇನ್ರಿ?” ಅಂದಳು.

“ಹೌದವ್ವಾ, ಬಾ, ಕುಂದ್ರು,” ಅಂದಳು ಚಿಗವ್ವ, ಅಭಿಮಾನಿ ಇರಬೇಕು ಅಂದುಕೊಂಡು.

“ಕುಂದ್ರಾಕ ಬಂದಿಲ್ರಿ. ನಾ ತುರ್ವಿಹಾಳದಾಕಿ. ಆ ಹಳ್ಳದ ದಂಡಿ ಮ್ಯಾಲೆ ಹುಟ್ಟಬೇಕಾಗಿದ್ದ ಕೂಸು ನಾನs.”

ನನ್ನ ಬೆರಳು ತಂತಿಯ ಮೇಲೆ ನಿಂತಿತು. ಚಿಗವ್ವನಿಗೆ ಮಾತು ಅರ್ಥವಾದಂತೆ ಕಾಣಲಿಲ್ಲ. “ಕೂಸು ಉಳೀತೇನು?” ಅಂತ ಮಾತ್ರ ಕೇಳಿದಳು.

“ಕೂಸೂ ಉಳೀತು, ಅವ್ವನೂ ಉಳಿದಳು. ಹೊರಗ ಬೇವಿನ ಗಿಡದ ಕೆಳಗ ಕಾರಿನ್ಯಾಗ ಕುಂತಾಳ. ನನ್ನ ಮೊಮ್ಮಗಳ ಫೋನಿನ್ಯಾಗ ನಿಮ್ಮ ಕಥಿ ನೋಡಿದ್ಲು. ತಾ ಸತ್ತಿದ್ದನ್ನ ತಾನs ನೋಡಿದ್ಲು. ಊಟ ಬಿಟ್ಟು ಕುಂತಿದ್ಲು ಎರಡು ದಿನ. ಇವತ್ತ ಇಲ್ಲಿ ಹಾಡಕಿ ಐತಿ ಅಂತ ಕೇಳಿ, ಕರಕೊಂಡು ನಡಿ ಅಂತ ಹಟ ಹಿಡದಾಳ.” ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಒಂದು ಮಾತು ಹೇಳ್ತೀನ್ರಿ. ಇವತ್ತ ನನ್ನ ಕಣ್ಣ ಮುಂದ ನಮ್ಮವ್ವನ್ನ ಸಾಯಿಸಿದ್ರ, ಎಲ್ಲಾರ ಎದುರಿಗೆ ಎದ್ದು ನಿಂದರತೀನಿ. ಆಮ್ಯಾಲೆ ನಿಮ್ಮ ಮಾಸ್ತರ ಫೋಟೋ ಗ್ವಾಡಿ ಮ್ಯಾಲೆ ಹೆಂಗ ಉಳೀತೈತಿ ನೋಡೂಣು.”

ಚಿಗವ್ವ ಎದ್ದಳು. ಚಪ್ಪಲಿಯನ್ನೂ ಹಾಕದೆ ಹೊರಗೆ ನಡೆದಳು. ನಾನೂ ಆ ಹೆಂಗಸೂ ಹಿಂದೆ ಓಡಿದೆವು.

ಕಾರಿನ ಹಿಂದಿನ ಸೀಟಿನಲ್ಲಿ ಆ ಮುದುಕಿ ಕೂತಿದ್ದಳು. ಸಣ್ಣ ಜೀವ, ಬೆಳ್ಳಗೆ ನರೆತ ತಲೆ, ಊರುಗೋಲನ್ನು ಎರಡು ಮೊಣಕಾಲ ನಡುವೆ ಹಿಡಿದಿದ್ದಳು. ಚಿಗವ್ವ ಕಾರಿನ ಬಾಗಿಲಿಗೆ ಕೈ ಕೊಟ್ಟು ಬಗ್ಗಿದಳು.

“ನೀನೇನವಾ ಅವರ ಶಿಷ್ಯಾಳು?” ಮುದುಕಿಯೇ ಕೇಳಿದಳು. “ಅವರು ನಿನಗ ನಾ ಸತ್ತೀನಿ ಅಂತ ಹೇಳಿದ್ರೇನು?”

ಚಿಗವ್ವ ಮಾಸ್ತರರ ಮಾತನ್ನು ಒಂದೊಂದಾಗಿ ನೆನಪಿಸಿಕೊಂಡಳು. ಆಮೇಲೆ ನಿಧಾನವಾಗಿ ಅಂದಳು: “ಇಲ್ಲವ್ವಾ. ಸತ್ತಳು ಅಂತ ಒಮ್ಮೆನೂ ಅಂದಿಲ್ಲ. ‘ಆ ದಂಡ್ಯಾಗ ಆಕಿ ಹೋದಳು’ ಅಂದ್ರು. ಅಷ್ಟs. ಉಳಿದದ್ದು ನಾ ತಿಳಕೊಂಡಿದ್ದು.”

“ನಾ ಎಲ್ಲಿ ಹೋಗಲಿ? ಬ್ಯಾನಿ ತಿನಕೋತ ಚಕ್ಕಡ್ಯಾಗ ಬಿದ್ದಿದ್ದೆ. ಹೋಗಿದ್ದು ಅವರು. ಅವತ್ತ ಸಂಜೀಕ ಲಿಂಗಸುಗೂರಾಗ ದೊಡ್ಡ ಗವಾಯಿಗಳು ಬಂದಿದ್ರು. ಅವರ ಮುಂದ ಹಾಡಬೇಕಿತ್ತು ಇವರು. ಈಜು ಬರೋ ಮಂದಿ ಹಗ್ಗ ಕಟ್ಟಿ ಗಂಡಸರನ್ನ ಆಚೀಕ ದಾಟಿಸಾಕತ್ತಿದ್ರು. ಇವರು ಧೋತರ ಎತ್ತಿ ಕಟ್ಟಿದ್ರು. ನಾ ಕೈ ಹಿಡದು, ‘ನಿಲ್ರಿ, ಹಳ್ಳ ಇಳಿಯೋತನಕ ನಿಲ್ರಿ’ ಅಂದೆ. ನಿಲ್ಲಲಿಲ್ಲ.” ಅವಳ ದನಿಯಲ್ಲಿ ಅಳುವಿರಲಿಲ್ಲ. “ಚಕ್ಕಡಿ ಹೊಳ್ಳಿಸಿ ನಮ್ಮ ತವರಿಗೆ ಒಯ್ದರು. ಇಕಿ ದಾರ್ಯಾಗ ಹುಟ್ಟಿದ್ಲು. ನಾ ತಿರುಗಿ ಮಸ್ಕಿಗೆ ಬರಲಿಲ್ಲ. ಅವರೂ ಕರಿಯಾಕ ಬರಲಿಲ್ಲ.”

ಚಿಗವ್ವ ನನ್ನ ಕಡೆ ತಿರುಗಿದಳು. ಇಬ್ಬರ ತಲೆಯಲ್ಲೂ ಒಂದೇ ಸಾಲು ಓಡುತ್ತಿತ್ತು. ಮಾತುಗಳೆಲ್ಲ ಅವೇ. ಆಡಿದವರು ಬೇರೆ.

“ಅವ್ವಾ, ನಾ ಈಗ ಏನು ಮಾಡ್ಲಿ?” ಅಂದಳು ಚಿಗವ್ವ.

“ಹಾಡು. ಕೇಳಾಕಂತ ಬಂದೀನಿ. ಆ ಹಾಡು ನಾ ಒಮ್ಮೆನೂ ಪೂರಾ ಕೇಳಿಲ್ಲ.”

ಕೋಣೆಗೆ ಮರಳಿದಾಗ ಹಿರಿಯರು ಗಡಿಬಿಡಿಯಲ್ಲಿ ನಮ್ಮನ್ನು ಹುಡುಕುತ್ತಿದ್ದರು. ಚಿಗವ್ವ ನಡೆದದ್ದನ್ನು ನಾಲ್ಕೇ ಮಾತಿನಲ್ಲಿ ಹೇಳಿದಳು. ಅವರು ಮೊದಲು ನಂಬಲಿಲ್ಲ. ಆಮೇಲೆ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು.

“ಖರೇ ಇರಬಹುದ್ರಿ. ಇರಲಿ. ಆದ್ರ ಇವತ್ತs ಹೇಳಬೇಕೇನ್ರಿ? ಮಾಸ್ತರ ಫೋಟೋದ ಮುಂದ? ಸತ್ತವರ ಇಜ್ಜತ್ ತೆಗೀಬ್ಯಾಡ್ರಿ ಅಕ್ಕೋರ. ನಿಮಗ ಅನ್ನ ಕೊಟ್ಟ ವಿದ್ಯಾ ಅವರದು.”

“ಬದುಕಿದ್ದಾಕಿ ಹೊರಗ ಕುಂತಾಳಲ್ರಿ,” ಅಂದಳು ಚಿಗವ್ವ.

“ಹಂಗಾರ ಆ ಚೀಜು ಬಿಟ್ಟುಬಿಡ್ರಿ.”

“ಬಿಟ್ಟರ, ಆಕಿ ಇಷ್ಟು ದೂರ ಬಂದಿದ್ದು ಯಾಕ?”

ಅವರು ಬಾಗಿಲು ತೆಗೆದು ಹೊರಗೆ ಹೋದರು.

ವೇದಿಕೆ ಹತ್ತಿದಾಗ ಭವನ ತುಂಬಿತ್ತು. ಮಾಸ್ತರರ ಫೋಟೋ ನಮ್ಮ ಎಡಗಡೆಗೆ, ಮಲ್ಲಿಗೆ ಹಾರ ಹಾಕಿಕೊಂಡು. ಮುದುಕಿ ಮೂರನೆಯ ಸಾಲಿನ ತುದಿಯಲ್ಲಿ. ಮಗಳು ಪಕ್ಕದಲ್ಲಿ, ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದು, ಯಾವ ಕ್ಷಣದಲ್ಲಾದರೂ ಏಳುವವಳಂತೆ. ಚಿಗವ್ವ ಮುಲ್ತಾನಿ ರಾಗದಿಂದ ಶುರು ಮಾಡಿದಳು. ಅವಳ ದನಿಯನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಅವತ್ತು ಅದು ನೆಲ ಮುಟ್ಟುತ್ತಿರಲಿಲ್ಲ. ವೇಗದ ಸ್ವರಗಳ ಒಂದು ತಾನ್ ತೆಗೆದುಕೊಂಡು ಹೋದವಳು ತಾಳದ ಮೊದಲ ಪೆಟ್ಟಾದ ಸಮಕ್ಕೆ ಬರಲೇ ಇಲ್ಲ, ಅದು ತಪ್ಪಿ ಮುಂದೆ ಹೋಯಿತು. ತಬಲಾ ನುಡಿಸುತ್ತಿದ್ದ ನಮ್ಮ ಸಿಂಧನೂರಿನ ಅಣ್ಣನಿಗೆ ಏನೂ ಗೊತ್ತಿರಲಿಲ್ಲ. ಏನಾಯಿತು ಅನ್ನುವಂತೆ ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿ ಸ್ವರ ಹಿಡಿದು ಕೂತೆ.

ಮುಲ್ತಾನಿಗೆ ಅವಳು ಕಥೆ ಹೇಳಲಿಲ್ಲ. ಅದರ ನಂತರದ ಚೀಜಿಗೂ ಹೇಳಲಿಲ್ಲ. ಜನ ಕುರ್ಚಿಯಲ್ಲಿ ಮಿಸುಕತೊಡಗಿದರು. ಕಿಟಕಿಯ ಹೊರಗೆ ಬಿಸಿಲು ಕೆಂಪಾಗಿತ್ತು. ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಹಿರಿಯರು ಅಲ್ಲಿಂದಲೇ ಎರಡೂ ಕೈ ಜೋಡಿಸಿ ಚಿಗವ್ವನ ಕಡೆ ನೋಡುತ್ತಿದ್ದರು. ಅದು ಬೇಡಿಕೆಯೋ ಎಚ್ಚರಿಕೆಯೋ ತಿಳಿಯಲಿಲ್ಲ.

ಹಿಂದಿನಿಂದ ಒಬ್ಬರು ಕೂಗಿದರು: “ಹಳ್ಳದ ಕಥಿ ಹೇಳ್ರಿ ಅಕ್ಕೋರ!”

ಚಪ್ಪಾಳೆ ಬಿತ್ತು. ಚಿಗವ್ವ ನೀರು ಕುಡಿದಳು. ಮೈಕು ಹತ್ತಿರ ಎಳೆದುಕೊಂಡಳು. ಮೂರನೆಯ ಸಾಲಿನಲ್ಲಿ ಮಗಳ ಬೆನ್ನು ನೆಟ್ಟಗಾಯಿತು.

“ಈ ಚೀಜಿನ ಕಥಿ ನಾ ನಿಮಗೆಲ್ಲ ಭಾಳ ಸಲ ಹೇಳೀನಿ,” ಅಂದಳು. “ನಾ ಹೇಳಿದ್ದು ಖರೇ ಅಲ್ಲ. ನಮ್ಮ ಮಾಸ್ತರ ಹೆಂಡ್ತಿ ಅವತ್ತ ತೀರಿಕೊಂಡಿಲ್ಲ. ಅವರು ಬದುಕ್ಯಾರ. ಹಡದಾರ, ಒಬ್ಬರs ಮಗಳನ್ನ ಬೆಳಿಸ್ಯಾರ. ‘ನಿಲ್ಲು’ ಅನ್ನೋ ಮಾತು ಮಾಸ್ತರು ಆಕಿಗೆ ಅಂದಿದ್ದಲ್ಲ. ಆಕಿ ಮಾಸ್ತರಿಗೆ ಅಂದಿದ್ದು.”

ಭವನದಲ್ಲಿ ಗುಜುಗುಜು ಎದ್ದು, ಏರಿ, ಮಾತಾಯಿತು. “ಏನ್ರಿ ಇದು!” ಅಂತ ಒಬ್ಬರು. “ಗುರುವಿನ ಮುಂದ ಕುಂತು ಗುರುವಿಗೇ…” ಅಂತ ಇನ್ನೊಬ್ಬರು. ಆ ಹೆಂಗಸು ಎಲ್ಲಿದ್ದಾಳೆ ತೋರಿಸಿ ಅಂತಲೂ ಒಂದು ದನಿ ಕೇಳಿತು. ಚಿಗವ್ವ ಮೂರನೆಯ ಸಾಲಿನ ಕಡೆ ಕಣ್ಣು ಸಹ ಹಾಯಿಸಲಿಲ್ಲ. ನನ್ನ ಕಡೆ ತಿರುಗಿ, “ಹಿಡಿ ಯವ್ವಾ,” ಅಂದಳು. ನಾನು ಮಾರವಾದ ಕೋಮಲ ರಿಷಭ ಸ್ವರ ಒತ್ತಿದೆ.

ಮಾತಿನ ಗದ್ದಲದ ನಡುವೆಯೇ ಅವಳು ಆಲಾಪಕ್ಕಿಳಿದಳು. ಒಂದೆರಡು ಉಸಿರು ಹಾಡಿರಬಹುದು, ಮೈಕು ಸತ್ತುಹೋಯಿತು. ಕರೆಂಟು ಇತ್ತು, ಫ್ಯಾನುಗಳು ತಿರುಗುತ್ತಿದ್ದವು. ಮೈಕು ಕೆಟ್ಟಿತೋ, ಯಾರಾದರೂ ತೆಗೆಸಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ತಬಲಾದ ಅಣ್ಣ ಕೈ ಎತ್ತಿ ನಿಲ್ಲಿಸೋಣವೇ ಅನ್ನುವಂತೆ ನೋಡಿದ. ಚಿಗವ್ವ ಕಣ್ಣು ಮುಚ್ಚಿ ಹಾಡುತ್ತಲೇ ಇದ್ದಳು. ನಾನು ಹಾರ್ಮೋನಿಯಮ್ಮಿನ ಸದ್ದು ಇಳಿಸಿದೆ. ಆಲಾಪ ಮುಗಿಯುತ್ತಿದ್ದಂತೆ ಅವನು ಝಪತಾಳವನ್ನು ಬೆರಳ ತುದಿಯಲ್ಲಿ ಹಿಡಿದ. ಹಿಂದಿನ ಸಾಲುಗಳಿಂದ ಜನ ಎದ್ದು ಹೊರಟರು, ಕುರ್ಚಿಗಳು ಕಿರುಗುಟ್ಟಿದವು. ಉಳಿದವರು ಕೇಳಬೇಕೆಂದರೆ ಸುಮ್ಮನಾಗಬೇಕಿತ್ತು, ಒಬ್ಬೊಬ್ಬರಾಗಿ ಸುಮ್ಮನಾದರು.

ಸಾಲು ಬಂತು. ಸಮದ ಮೇಲೆ ಬೀಳಬೇಕಾದ ಮಾತು ‘ನಿಲ್ಲು’. ಅವಳು ‘ನಿಲ್ರೀ’ ಅಂದಳು.

ಮಾಸ್ತರರು ಕಟ್ಟಿದ ‘ನಿಲ್ಲು’ ತುಟಿಯಲ್ಲೇ ಮುಚ್ಚಿಕೊಳ್ಳುತ್ತಿತ್ತು. ಈ ‘ನಿಲ್ರೀ’ ಮುಚ್ಚಲಿಲ್ಲ. ಧೈವತದಿಂದ ಎದ್ದು ಆಚೆ ದಂಡೆಗೆ ಕೇಳುವ ಹಾಗೆ ಉದ್ದಕ್ಕೆ ಹೋಯಿತು. ಇಷ್ಟು ವರ್ಷ ನಾನು ಪಕ್ಕದಲ್ಲಿ ನುಡಿಸಿದ ಹಾಡು ಇದಲ್ಲ ಅನ್ನಿಸಿತು. ಅದೇ ಸ್ವರ, ಅದೇ ತಾಳ. ಅದನ್ನು ಕೇಳುತ್ತ ಕೇಳುತ್ತ, ಹೊರಡುವ ಒಬ್ಬ ಗಂಡಸಿನ ಧೋತರದ ಅಂಚು ನನ್ನ ಕಣ್ಣಿಗೆ ಕಟ್ಟಿತು. ಚಿಗವ್ವ ಆ ಒಂದೇ ಸಾಲನ್ನು ಬೇಡಿಕೆಯಾಗಿ, ಸಿಟ್ಟಾಗಿ, ಬರೀ ಕರೆಯಾಗಿ ತಿರುತಿರುಗಿ ಹಾಡಿದಳು. ಚೀಜಿನ ಎರಡನೆಯ ಭಾಗವಾದ ಅಂತರಾಕ್ಕೆ ಹೋಗಲೇ ಇಲ್ಲ. ಹೋಗಲಾರಳು ಅಂತ ನನಗೆ ಗೊತ್ತಿತ್ತು. ಆ ಭಾಗದಲ್ಲಿ ದಂಡೆಯ ಮೇಲೆ ಹೆಣ್ಣಿನ ಕಣ್ಣ ದೀಪ ಆರುತ್ತದೆ.

ಮುಗಿದಾಗ ಚಪ್ಪಾಳೆ ಅಲ್ಲೊಂದು ಇಲ್ಲೊಂದು. ಸನ್ಮಾನಕ್ಕೆಂದು ತಂದ ಶಾಲು ಮೇಜಿನ ಮೇಲೆಯೇ ಉಳಿಯಿತು; ಹಿರಿಯರು ಕಾಣಲಿಲ್ಲ. ಜನ ನಮ್ಮ ಕಡೆ ನೋಡದೆ ಬಾಗಿಲ ಕಡೆ ನಡೆದರು. ಮುದುಕಿ ಮಾತ್ರ ಊರುಗೋಲು ಊರುತ್ತ ವೇದಿಕೆಯ ಅಂಚಿಗೆ ಬಂದಳು. ಚಿಗವ್ವ ಕೆಳಗಿಳಿದು ಅವಳ ಎದುರು ನಿಂತಳು.

“ಅವರು ಚಲೋ ಹಾಡತಿದ್ರೇನು?” ಮುದುಕಿ ಕೇಳಿದಳು.

ಚಿಗವ್ವ ಬೇರೆ ಏನನ್ನಾದರೂ ಎದುರು ನೋಡಿದ್ದಳು. “ಭಾಳ ಚಲೋ ಹಾಡತಿದ್ರವ್ವಾ. ಅವರಂಗ ಹಾಡೋರನ್ನ ನಾ ಕಂಡಿಲ್ಲ,” ಅಂದಳು.

ಮುದುಕಿ ತಲೆ ಆಡಿಸಿದಳು. “ಹಾಡಬೇಕಲ್ಲ ಮತ್ತ. ಅದಕ್ಕಂತನ ಹೋಗಿದ್ರು.”

ಮಗಳು ಅವಳ ತೋಳು ಹಿಡಿದು ನಡೆಸಿಕೊಂಡು ಹೋದಳು. ಬಂದಾಗಿನ ಸಿಟ್ಟು ಅವಳ ಮುಖದಲ್ಲಿ ಇರಲಿಲ್ಲ. ಬಾಗಿಲ ಹತ್ತಿರ ಒಮ್ಮೆ ತಿರುಗಿ ನೋಡಿದಳು, ಅಷ್ಟೆ.

ಮುಂದಿನ ದಿನಗಳು ಕೆಟ್ಟದಾಗಿದ್ದವು. ಆ ಮಾತನ್ನೂ ಯಾರೋ ಫೋನಿನಲ್ಲಿ ಹಿಡಿದಿದ್ದರು. ಮಾಸ್ತರರ ಹಳೆಯ ಶಿಷ್ಯರು ಚಿಗವ್ವನಿಗೆ ಫೋನು ಮಾಡಿ ಗುರುದ್ರೋಹಿ ಅಂದರು. ಒಬ್ಬರಂತೂ, ಆ ಮುದುಕಿಯೇ ಸುಳ್ಳಿ ಅಂದರು. ಚಿಗವ್ವ ಯಾರಿಗೂ ಎದುರಾಡಲಿಲ್ಲ. ಆದರೆ ದಿನದ ಅಭ್ಯಾಸಕ್ಕೆ, ರಿಯಾಜಿಗೆ, ಕೂತರೆ ಕೆಮ್ಮು ಬರುತ್ತಿತ್ತು. ನಾನು ಶನಿವಾರ ಲಿಂಗಸುಗೂರಿಗೆ ಹೋದಾಗಲೆಲ್ಲ ತಂಬೂರಿ ಗವಸಿನೊಳಗೇ ಇರುತ್ತಿತ್ತು.

“ಅವರು ನನಗ ಸುಳ್ಳು ಹೇಳಿದ್ರೋ, ನಾ ತಪ್ಪು ತಿಳಕೊಂಡೆನೋ?” ಅಂತ ಒಮ್ಮೆ ಕೇಳಿದಳು. “ನಾ ಈ ಕಥಿ ಅವರ ಮುಂದs ಹೇಳೀನಿ. ಕುಂತು ಕೇಳ್ಯಾರ. ಹೌದು ಅಂದಿಲ್ಲ, ಅಲ್ಲ ಅಂದಿಲ್ಲ.”

ಭತ್ತದ ನಾಟಿ ನಡೆದಿದ್ದ ದಿನಗಳಲ್ಲಿ ತುರ್ವಿಹಾಳದಿಂದ ಮಗಳ ಫೋನು ಬಂತು. “ಅಕ್ಕೋರ, ಆ ಹಾಡಿಗೆ ಇನ್ನೊಂದು ಭಾಗ ಐತಂತಲ್ರಿ. ಅದನ್ನ ಯಾಕ ಹಾಡಲಿಲ್ಲ ಅಂತ ಅವ್ವ ಕೇಳಾಕತ್ತಾಳ. ಒಂದೀಟು ಬಂದು ಹಾಡಿ ಹೋಗ್ರಿ.” ಚಿಗವ್ವ ಆಗದು ಅಂದಳು. ಮರುದಿನ ತಾನೇ ನನಗೆ ಫೋನು ಮಾಡಿ, “ನಡಿ, ಹೋಗೂಣು,” ಅಂದಳು.

ಕಾಲುವೆಯ ನೀರು ಗದ್ದೆಗೆ ಬಿಟ್ಟಿದ್ದರು. ಊರಿಗೆ ಊರೇ ಗದ್ದೆಯಲ್ಲಿತ್ತು. ಪಡಸಾಲೆಯಲ್ಲಿ ಮುದುಕಿ, ಮಗಳು, ನಾವಿಬ್ಬರು ಅಷ್ಟೇ. ಹಾರ್ಮೋನಿಯಂ ಒಯ್ದಿರಲಿಲ್ಲ. ಚಿಗವ್ವ ಬರೀ ಬಾಯಲ್ಲಿ ಹಾಡಿದಳು. ಅಂತರಾ ಹತ್ತಿರ ಬಂತು. ಸತ್ತಳು ಅನ್ನುವ ಮಾತನ್ನು ಅವಳೆದುರೇ ಹಾಡುವುದು ಹೇಗೆ? ಚಿಗವ್ವ ಮುದುಕಿಯ ಮುಖ ನೋಡುತ್ತಲೇ ಹಾಡಿದಳು: ದಂಡೆಯ ಮೇಲೆ ಕಣ್ಣ ದೀಪ ಆರಿತು, ಮನೆ ಕತ್ತಲಾಯಿತು.

ಮುದುಕಿ ಕೈ ಎತ್ತಿ ನಿಲ್ಲಿಸಿದಳು.

“ಇದು ಸುಳ್ಳು,” ಅಂದಳು. “ಕಣ್ಣ ಮುಚ್ಚಿಲ್ಲ ನಾನು. ಅಷ್ಟು ಬ್ಯಾನ್ಯಾಗೂ ಎದ್ದು ಕುಂತು ನೋಡಕೋತ ಇದ್ದೆ. ನೀರಾಗ ಒಮ್ಮೆ ಮುಳುಗಿದ್ರು, ನನ್ನ ಜೀವ ಹೋದಂಗಾತು. ಎದ್ರು. ಆ ದಂಡಿ ಹತ್ತಿ ಮರ್ಯಾಗೋತನ ನೋಡಿದೆ. ಹೊಳ್ಳಿ ನೋಡಲಿಲ್ಲ ಅವರು. ನೋಡಿದ್ರ ಗೊತ್ತಾಗತಿತ್ತು, ಕಣ್ಣ ತೆರದಾವೋ ಮುಚ್ಚ್ಯಾವೋ ಅಂತ.”

ಮಗಳು ಅವಳ ಬೆನ್ನ ಮೇಲೆ ಕೈ ಇಟ್ಟಳು. ಈ ಮಾತನ್ನು ಅವಳೂ ಮೊದಲ ಸಲ ಕೇಳುತ್ತಿದ್ದಳು ಅನ್ನುವುದು ಮುಖ ನೋಡಿದರೆ ತಿಳಿಯುತ್ತಿತ್ತು.

“ಈ ಭಾಗ ಬಿಟ್ಟುಬಿಡ್ತೀನವ್ವಾ,” ಅಂದಳು ಚಿಗವ್ವ.

“ಯಾಕ? ಅವರು ಕಟ್ಟ್ಯಾರ, ಅವರದು ಅವರಿಗಿರಲಿ. ಮದಲನೇದು ನಂದು, ನಂದು ನನಗಿರಲಿ. ಎರಡೂ ಹಾಡು. ಆದ್ರ ಕಥಿ ಹೇಳಬ್ಯಾಡ ತಂಗಿ. ನನ್ನ ಕಥಿ ಊರ ಮಂದೀಗೆ ಯಾಕ?”

ಅವರ ಮನೆಯಲ್ಲೇ ಊಟ ಮಾಡಿದೆವು. ಬಿಸಿ ರೊಟ್ಟಿ, ಪುಂಡಿಪಲ್ಯ. ಮುದುಕಿ ಚಿಗವ್ವನಿಗೆ ಬೆಣ್ಣೆಯನ್ನು ಒತ್ತಾಯ ಮಾಡಿ ಹಾಕಿದಳು. ಮಾಸ್ತರರ ಮಾತು ಮತ್ತೆ ಬರಲಿಲ್ಲ.

ಮಸ್ಕಿಯವರು ಈಗ ನಮ್ಮನ್ನು ಕರೆಯುವುದಿಲ್ಲ. ಲಿಂಗಸುಗೂರಿನಲ್ಲಿ, ಸಿಂಧನೂರಿನಲ್ಲಿ ಚಿಗವ್ವ ಹಾಡುತ್ತಾಳೆ. ಜನ ಮೊದಲಿನಷ್ಟಿಲ್ಲ. ಬೇರೆ ಚೀಜುಗಳಿಗೆ ಇನ್ನೂ ಕಥೆ ಹೇಳುತ್ತಾಳೆ. ಆದರೆ ‘ನಾ ಕೇಳಿದ್ದು ಹಿಂಗ’ ಅಂತ ಸೇರಿಸುತ್ತಾಳೆ. ಮೊನ್ನೆ ಸಿಂಧನೂರಿನಲ್ಲಿ ಸಂಜೆಯ ಹೊತ್ತಿಗೆ ಒಬ್ಬರು ಎದ್ದು ನಿಂತು ಹಳ್ಳದ ಕಥೆ ಕೇಳಿದರು. ಭವನ ಒಮ್ಮೆಲೇ ಬಿಗಿಯಾಯಿತು. ಎಲ್ಲರಿಗೂ ಮಸ್ಕಿಯ ಸುದ್ದಿ ಗೊತ್ತಿತ್ತು. ಚಿಗವ್ವ ತಂಬೂರಿಯ ತಂತಿಯನ್ನು ಒಂದು ಸಲ ಮೀಟಿ ನೋಡಿದಳು.

“ರಾಗ ಮಾರವಾ. ಝಪತಾಳ,” ಅಂದಳು, ಮತ್ತು ಹಾಡಲು ಶುರು ಮಾಡಿದಳು.